ಐದು ಸ್ಟಾರ್ ಮಾಯವಾದವು: ಕಲಿಕೆಯ ಟಿಪ್ಪಣಿಗೆ ಯಾವ ಬ್ಲಾಗ್ ಸುಲಭ?

ನನ್ನ ಹತ್ತಿರ ಮೂರು ಲಾಂಗ್ ಬುಕ್ ಇವೆ. ಮೂರೂ 200 ಪುಟದವು. ಮೊದಲನೆಯದರ ರಟ್ಟು ಕಿತ್ತುಹೋಗಿ ಸೆಲ್ಲೋಟೇಪ್ ಹಚ್ಚಿದ್ದೇನೆ. ಎರಡನೆಯದರಲ್ಲಿ ಕ್ರಾನ್ (ಹೇಳಿದ ಹೊತ್ತಿಗೆ ಕಂಪ್ಯೂಟರಿನಲ್ಲಿ ಕೆಲಸ ತಾನಾಗಿ ಓಡಿಸುವ ಸಾಧನ) ಬಗ್ಗೆ ಬರೆದ ಪುಟದ ಮೇಲೆ ಮೆಣಸಿನಕಾಯಿಯ ಎಣ್ಣೆ ಕಲೆ. ದಾವಣಗೆರೆಯಲ್ಲಿ ಸಂಜೆ ಕೆಲಸ ಬಿಟ್ಟು ಬರುವವರ ಪುಸ್ತಕದಲ್ಲಿ ಮಂಡಕ್ಕಿ-ಮೆಣಸಿನಕಾಯಿ ಗುರುತು ಇಲ್ಲ ಅಂದರೆ ಅದನ್ನು ಯಾರೂ ಬಿಚ್ಚಿ ನೋಡಿಲ್ಲ ಅಂತಲೇ ಲೆಕ್ಕ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಹನ್ನೊಂದು ವರ್ಷವಾಯಿತು. ಓದಿದ್ದು ಡಿಪ್ಲೊಮಾ. ಲಿನಕ್ಸ್ (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕಲಿತಿದ್ದು ಲ್ಯಾಬಿನಲ್ಲಿ ಏನಾದರೂ ಕೆಟ್ಟಾಗಲೆಲ್ಲ. ಸರಿ ಮಾಡಿದ ದಿನವೇ ಬರೆದಿಡುತ್ತೇನೆ. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಅದೇ ತೊಂದರೆ ಬಂದು ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ. ಹುಡುಗರಿಗೆ ಈ ಪುಸ್ತಕಗಳ ವಿಷಯ ಗೊತ್ತು. "ಮೇಡಂ, ಆ ಪರ್ಮಿಷನ್ ಪೇಜಿಂದು ಒಂದ್ ಫೋಟೊ ಹಾಕ್ರೀ" ಅಂತ ವಾಟ್ಸಾಪ್ ಬರುತ್ತದೆ. ಯಾವ ಫೈಲನ್ನು ಯಾರು ತೆರೆಯಬಹುದು ಅನ್ನುವ ಪುಟ ಅದು. ಹಾಕುತ್ತೇನೆ. ಮುಂದಿನ ಬ್ಯಾಚ್ ಬಂದು ಅದೇ ಪೇಜ್ ಮತ್ತೆ ಕೇಳುತ್ತದೆ. ಫೋಟೊ ನೋಡಿಕೊಂಡು ಟೈಪ್ ಮಾಡುವಾಗ ನನ್ನ ಸೊನ್ನೆ ಅವರ ಕೈಯಲ್ಲಿ ಓ ಆಗುತ್ತದೆ, ನನ್ನ ಎಲ್ ಒಂದು ಆಗುತ್ತದೆ. ಆಮೇಲೆ "ಮೇಡಂ, ಬರ್ತಿಲ್ರೀ" ಅಂತ ಇನ್ನೊಂದು ಮೆಸೇಜ್.

ಹಾಗಾಗಿ ಬ್ಲಾಗ್ ಮಾಡೋಣ ಅನ್ನಿಸಿತು. ಇದು ಎರಡನೇ ಪ್ರಯತ್ನ. ಮೊದಲನೆಯದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಯಾರೋ ಹೇಳಿದರು ಅಂತ ಒಂದು ಹೊಸ ಸೈಟ್‌ನಲ್ಲಿ ಅಕೌಂಟ್ ತೆಗೆದೆ. ಹೆಸರು ಬೇಡ. ನೋಡಲು ತುಂಬಾ ಚೆನ್ನಾಗಿತ್ತು. ಹದಿನಾಲ್ಕು ಟಿಪ್ಪಣಿ ಬರೆದೆ. ಒಂದು ದಿನ ಇಮೇಲ್ ಬಂತು, ಉಚಿತ ಅಕೌಂಟ್‌ಗಳನ್ನು ತಿಂಗಳೊಳಗೆ ಮುಚ್ಚುತ್ತೇವೆ ಅಂತ. ಬರೆದದ್ದನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳುವ ಬಟನ್ ಎಲ್ಲಿದೆ ಅಂತ ಹುಡುಕಿದೆ. ಇರಲೇ ಇಲ್ಲ. ಮೂರು ರಾತ್ರಿ ಕೂತು ಒಂದೊಂದನ್ನೇ ಕಾಪಿ ಮಾಡಿದೆ. ಅವತ್ತಿನಿಂದ ಯಾವ ಸೈಟ್ ನೋಡಿದರೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸ್‌ಪೋರ್ಟ್ ಇದೆಯಾ ಅಂತ ನೋಡುತ್ತೇನೆ. ಥೀಮು, ಬಣ್ಣ, ಫಾಂಟು ಎಲ್ಲ ಆಮೇಲೆ.

ಈ ಸಲ ಬುದ್ಧಿ ಬಂದಿತ್ತು. ಒಂದೇ ಟಿಪ್ಪಣಿಯನ್ನು ಎಲ್ಲ ಕಡೆಯೂ ಹಾಕಿ ನೋಡೋಣ ಅಂದುಕೊಂಡೆ. ಆರಿಸಿದ್ದು ಆ ಎಣ್ಣೆ ಕಲೆಯ ಪುಟವನ್ನೇ: "ಬೆಳಿಗ್ಗೆ 9ಕ್ಕೆ ಇಟ್ಟ ಬ್ಯಾಕಪ್ ಮಧ್ಯಾಹ್ನ 2:30ಕ್ಕೆ ಏಕೆ ಓಡಿತು?" ವಿಷಯ ಇಷ್ಟೇ. ಲ್ಯಾಬ್ ಸರ್ವರ್‌ನಲ್ಲಿ ದಿನಾ ಬೆಳಿಗ್ಗೆ ಬ್ಯಾಕಪ್ ಆಗಲಿ ಅಂತ ಕ್ರಾನ್‌ನಲ್ಲಿ "0 9 * * *" ಅಂತ ಬರೆದಿದ್ದೆ. ಅದು ಓಡುತ್ತಿದ್ದದ್ದು ಮಧ್ಯಾಹ್ನ ಎರಡೂವರೆಗೆ, ಸರಿಯಾಗಿ ಎರಡನೇ ಬ್ಯಾಚ್ ಲ್ಯಾಬಿನಲ್ಲಿ ಕೂತಾಗ. ಎಲ್ಲ ಮಷೀನೂ ನಿಧಾನ. ಉಬುಂಟು (ಲಿನಕ್ಸಿನ ಒಂದು ಬಗೆ) ಸರ್ವರ್ ಇನ್‌ಸ್ಟಾಲ್ ಮಾಡಿದಾಗ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ ಇರುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ ಇದ್ದೇವೆ. ಟೈಮ್‌ಝೋನನ್ನು ಕೋಲ್ಕತ್ತಾ (ಭಾರತದ ಸಮಯಕ್ಕೆ ಅಲ್ಲಿ ಇದೇ ಹೆಸರು) ಅಂತ ಬದಲಿಸಿ ಕ್ರಾನ್ ಸೇವೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ರೀಸ್ಟಾರ್ಟ್ ಮಾಡದೆ ಬಿಟ್ಟರೆ ಕ್ರಾನ್ ಹಳೇ ಟೈಮಿನಲ್ಲೇ ಓಡುತ್ತಿರುತ್ತದೆ. ನಾನು ಎರಡು ದಿನ ಒದ್ದಾಡಿದ್ದು ಅದಕ್ಕೇ.

ಈ ಟಿಪ್ಪಣಿಯಲ್ಲಿ ನನಗೆ ಬೇಕಾದ್ದೆಲ್ಲ ಇತ್ತು. ಕನ್ನಡದ ಮಾತು, ನಾಲ್ಕೈದು ಕಮಾಂಡ್, ಕ್ರಾನ್‌ನ ಐದು ಜಾಗಗಳಿಗೆ ಒಂದು ಟೇಬಲ್ (ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ), ಒಂದು ಸ್ಕ್ರೀನ್‌ಶಾಟ್. ಇದನ್ನು ಸರಿಯಾಗಿ ತೋರಿಸುವ ಜಾಗ ಉಳಿದದ್ದನ್ನೂ ತೋರಿಸುತ್ತದೆ. ಇನ್ನೊಂದು ಪರೀಕ್ಷೆಯೂ ಇಟ್ಟುಕೊಂಡೆ. ಜಗಳೂರಿನಿಂದ ಬಸ್ಸಿನಲ್ಲಿ ಓಡಾಡುವ ಒಬ್ಬ ಹುಡುಗನಿಗೆ ಲಿಂಕ್ ಕಳಿಸುವುದು. ಅವನ ಫೋನಿನ ಗಾಜು ಒಡೆದಿದೆ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಅಲ್ಲಿ ಅವನಿಗೆ ಓದಲು ಆದರೆ ಪಾಸ್.

ಮೊದಲು ಬ್ಲಾಗರ್. 1999ರಲ್ಲಿ ಶುರುವಾದದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಜಿಮೇಲ್ ಇದ್ದವರಿಗೆ ಹೊಸ ಅಕೌಂಟ್ ಬೇಡ. ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ. ಹೆಸರು ಆರಿಸಿ, ಟಿಪ್ಪಣಿ ಅಂಟಿಸಿ, ಪಬ್ಲಿಷ್ ಒತ್ತುವಾಗ ಹನ್ನೆರಡು ನಿಮಿಷ. ದುಡ್ಡಿಲ್ಲ. ನಾವಾಗಿ ಹಾಕಿಕೊಳ್ಳದ ಹೊರತು ಜಾಹೀರಾತೂ ಇಲ್ಲ. ಇಷ್ಟು ಸುಲಭ ಬೇರೆ ಯಾವುದೂ ಇಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು.

ಆದರೆ ಅದರಲ್ಲಿ ಒಂದು ವಿಚಿತ್ರ ಇದೆ, ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಗೊತ್ತಾಗುವಂಥದ್ದು. ಲೇಖನದ ವಿಳಾಸವನ್ನು ಬ್ಲಾಗರ್ ಶೀರ್ಷಿಕೆಯಿಂದ ತಾನೇ ತೆಗೆದುಕೊಳ್ಳುತ್ತದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಆ ಅಕ್ಷರಗಳನ್ನೆಲ್ಲ ಬಿಟ್ಟುಬಿಡುತ್ತದೆ. ಕೊನೆಗೆ ಏನೂ ಉಳಿಯುವುದಿಲ್ಲವಲ್ಲ, ಆಗ ಸುಮ್ನೆ 'ಬ್ಲಾಗ್-ಪೋಸ್ಟ್' ಅಂತ ಇಂಗ್ಲಿಷಿನಲ್ಲಿ ಹಾಕುತ್ತದೆ, ಮುಂದಿನದಕ್ಕೆ ಅದರ ಮುಂದೆ ಒಂದು ಅಂಕಿ. ಇಪ್ಪತ್ತು ಟಿಪ್ಪಣಿ ಇದ್ದರೆ ಇಪ್ಪತ್ತೂ ಬ್ಲಾಗ್-ಪೋಸ್ಟ್. ಲಿಂಕ್ ನೋಡಿ ಯಾವುದು ಕ್ರಾನ್, ಯಾವುದು ಪರ್ಮಿಷನ್ ಅಂತ ಹೇಳಲು ಆಗುವುದಿಲ್ಲ. ಪಕ್ಕದಲ್ಲಿ ಪರ್ಮಾಲಿಂಕ್ ಅಂತ ಒಂದು ಜಾಗ ಇದೆ. ಪಬ್ಲಿಷ್ ಮಾಡುವ ಮೊದಲೇ ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕೊಟ್ಟರೆ ಸರಿಹೋಗುತ್ತದೆ. ಮೊದಲೇ, ಆಮೇಲೆ ಅಲ್ಲ. ಇದನ್ನು ಮರೆಯದವರು ಯಾರಿದ್ದಾರೆ?

ಕೋಡ್ ವಿಷಯಕ್ಕೆ ಬಂದರೆ ಬ್ಲಾಗರ್ ಸೋಲುತ್ತದೆ. ಕಮಾಂಡ್ ಬರೆಯಲು ಬೇರೆ ಪೆಟ್ಟಿಗೆಯೇ ಇಲ್ಲ. ಎಚ್‌ಟಿಎಮ್ಎಲ್ (ವೆಬ್ ಪುಟ ಬರೆಯುವ ಸಂಕೇತ ಭಾಷೆ) ನೋಟಕ್ಕೆ ಹೋಗಿ ಕೈಯಾರೆ ಟ್ಯಾಗ್ ಹಾಕಬೇಕು. ಬಣ್ಣ ಬಣ್ಣದಲ್ಲಿ ಕೋಡ್ ಬೇಕೆಂದರೆ ಥೀಮಿನೊಳಗೆ ಸ್ಕ್ರಿಪ್ಟ್ ಅಂಟಿಸಬೇಕು. ಒಂದು ಸಲ ಮಾಡಿಕೊಂಡರೆ ಆಯಿತು, ಒಪ್ಪುತ್ತೇನೆ. ಆದರೆ ಪ್ರತಿ ಟಿಪ್ಪಣಿಯಲ್ಲೂ ಎರಡು ನೋಟದ ನಡುವೆ ಓಡಾಡುವುದು ತಪ್ಪುವುದಿಲ್ಲ. ಜಗಳೂರು ಹುಡುಗನ ಫೋನಿನಲ್ಲಿ ಮಾತ್ರ ಪೇಜ್ ತಟ್ಟನೆ ತೆರೆಯಿತು.

ಎರಡನೆಯದು ವರ್ಡ್‌ಪ್ರೆಸ್. ಇಲ್ಲಿ ಎಲ್ಲರೂ ಎಡವುವ ಒಂದು ಹೊಸ್ತಿಲು ಇದೆ. ವರ್ಡ್‌ಪ್ರೆಸ್ ಅಂದರೆ ಎರಡು. ಡಾಟ್ ಆರ್ಗ್‌ನಲ್ಲಿ ಸಿಗುವುದು ಸಾಫ್ಟ್‌ವೇರ್, ಅದನ್ನು ಹಾಕಲು ಹೋಸ್ಟಿಂಗ್ ನೀವೇ ಕೊಳ್ಳಬೇಕು. ಡಾಟ್ ಕಾಮ್ ಅಂದರೆ ಅವರೇ ಜಾಗ ಕೊಟ್ಟು ನಡೆಸುವ ಸೇವೆ, ಅದರಲ್ಲಿ ಉಚಿತ ಪ್ಲಾನ್ ಇದೆ. ಯೂಟ್ಯೂಬಿನಲ್ಲಿ "ಈ ಪ್ಲಗಿನ್ ಹಾಕಿ" ಅನ್ನುವ ವಿಡಿಯೋ ನೋಡಿಕೊಂಡು ಉಚಿತ ಪ್ಲಾನಿನಲ್ಲಿ ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಹುಡುಕುತ್ತಾ ಕೂತರೆ ಸಿಗುವುದಿಲ್ಲ. ನಾನೂ ಒಂದು ಸಂಜೆ ಹುಡುಕಿದೆ.

ಉಚಿತ ಪ್ಲಾನಿನಲ್ಲಿ ಓದುವವರಿಗೆ ಜಾಹೀರಾತು ಕಾಣುತ್ತದೆ. ವಿಳಾಸದ ಕೊನೆಯಲ್ಲಿ ವರ್ಡ್‌ಪ್ರೆಸ್ ಹೆಸರು ಇರುತ್ತದೆ. ಅದನ್ನೆಲ್ಲ ಸಹಿಸಬಹುದು. ಬರೆಯುವ ಪೆಟ್ಟಿಗೆ 2018ರಿಂದ ಬ್ಲಾಕ್ ಬ್ಲಾಕ್ ಆಗಿದೆ. ಪ್ಯಾರಾ ಒಂದು ಬ್ಲಾಕ್, ಚಿತ್ರ ಒಂದು ಬ್ಲಾಕ್, ಟೇಬಲ್ ಒಂದು, ಕೋಡ್ ಒಂದು. ನನ್ನ ಟೇಬಲ್ ಅಚ್ಚುಕಟ್ಟಾಗಿ ಕೂತಿತು. ಕೋಡ್ ಬ್ಲಾಕಿನಲ್ಲಿ ಹಾಕಿದ ಕಮಾಂಡ್ ಇದ್ದ ಹಾಗೇ ಬಂತು. ತಪ್ಪು ಮಾಡಿದ್ದು ನಾನು. ಒಂದು ಕಮಾಂಡನ್ನು ಪ್ಯಾರಾದ ನಡುವೆ ಸುಮ್ನೆ ಬರೆದುಬಿಟ್ಟೆ, ಇವತ್ತಿನ ಕ್ರಾನ್ ಲಾಗ್ ಮಾತ್ರ ತೋರಿಸು ಅನ್ನುವ ಕಮಾಂಡ್. ಅದರಲ್ಲಿ 'ಸಿನ್ಸ್' ಪದದ ಹಿಂದೆ ಎರಡು ಸಣ್ಣ ಗೆರೆ ಅಕ್ಕಪಕ್ಕ ಬರಬೇಕು. ವರ್ಡ್‌ಪ್ರೆಸ್ ಬರವಣಿಗೆ ಚೆಂದ ಕಾಣಲಿ ಅಂತ ಪ್ಯಾರಾದೊಳಗಿನ ಎರಡು ಗೆರೆಯನ್ನು ಸೇರಿಸಿ ಒಂದು ಉದ್ದ ಗೆರೆ ಮಾಡುತ್ತದೆ. ನೇರ ಉದ್ಧರಣ ಚಿಹ್ನೆಯನ್ನೂ ಬಾಗಿಸುತ್ತದೆ. ಕಥೆ ಬರೆಯುವವರಿಗೆ ಸೊಗಸು. ಕಮಾಂಡ್ ಬರೆಯುವವರಿಗೆ ವಿಷ.

ಹುಡುಗಿಯೊಬ್ಬಳು ಕಾಪಿ ಮಾಡಿ ಟರ್ಮಿನಲ್‌ನಲ್ಲಿ ಅಂಟಿಸಿದಳು. ಎರರ್. "ಮೇಡಂ, ನೀವು ಬರ್ದಿದ್ದೇ ಹಾಕೀನ್ರೀ" ಅಂತ ಸ್ಕ್ರೀನ್ ತಿರುಗಿಸಿ ತೋರಿಸಿದಳು. ಇಬ್ಬರೂ ಕಣ್ಣು ಕಿರಿದು ಮಾಡಿ ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಅಕ್ಷರದ ಗಾತ್ರ ದೊಡ್ಡದು ಮಾಡಿ, ನಾನು ಪಕ್ಕದಲ್ಲಿ ಬೇರೆ ಟೈಪ್ ಮಾಡಿ, ಎರಡನ್ನೂ ಹೋಲಿಸಿದಾಗ ಗೊತ್ತಾಯಿತು. ಗೆರೆ ಒಂದು ಕೂದಲಿನಷ್ಟು ಉದ್ದ. ಅದಾದ ಮೇಲೆ ಎಷ್ಟೇ ಸಣ್ಣ ಕಮಾಂಡ್ ಇದ್ದರೂ ಅದಕ್ಕೆ ಬೇರೆ ಬ್ಲಾಕ್ ಕೊಡುತ್ತೇನೆ.

ವಿಳಾಸದ ಕಥೆ ವರ್ಡ್‌ಪ್ರೆಸ್‌ನಲ್ಲಿ ಬ್ಲಾಗರ್‌ಗೆ ಉಲ್ಟಾ. ಇದು ಕನ್ನಡ ಶೀರ್ಷಿಕೆಯನ್ನು ಬಿಡುವುದಿಲ್ಲ, ಆ ಅಕ್ಷರಗಳನ್ನೇ ಇಟ್ಟುಕೊಳ್ಳುತ್ತದೆ. ಚೆನ್ನಾಗಿದೆಯಲ್ಲ ಅಂತ ವಾಟ್ಸಾಪಿನಲ್ಲಿ ಲಿಂಕ್ ಅಂಟಿಸಿದೆ ನೋಡಿ, ಶೇಕಡಾ ಚಿಹ್ನೆಗಳ ಮೆರವಣಿಗೆ! ಲೆಕ್ಕ ಹಾಕಿದೆ. 'ಕ್ರಾನ್' ಅನ್ನುವುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡಿಗೆ (ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಸಂಕೇತ) ಅದು ಆರು ತುಂಡು: ಕ, ಒಂದು ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ರ, ದೀರ್ಘ, ನ, ಇನ್ನೊಂದು ವಿರಾಮ. ಒಂದೊಂದಕ್ಕೆ ಮೂರು ಬೈಟ್. ವಿಳಾಸದಲ್ಲಿ ಒಂದು ಬೈಟ್ ಅಂದರೆ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ. ಒಟ್ಟು 54. ಎರಡಕ್ಷರದ ಪದಕ್ಕೆ 54! ನನ್ನ ಉದ್ದ ಶೀರ್ಷಿಕೆಗೆ ಲಿಂಕ್ ಇನ್ನೆಷ್ಟು ಉದ್ದ ಆಗಬೇಡ! ಇಲ್ಲೂ ಮದ್ದು ಅದೇ, ವಿಳಾಸಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಗಿಡ್ಡ ಹೆಸರು ಕೊಡುವುದು.

ಮೀಡಿಯಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2012ರಲ್ಲಿ ಶುರು ಮಾಡಿದವರು ಇವಾನ್ ವಿಲಿಯಮ್ಸ್, ಬ್ಲಾಗರ್ ಕಟ್ಟಿದವರಲ್ಲೂ ಒಬ್ಬರು. ಅವರಿಗೆ ಬರೆಯುವ ಪೆಟ್ಟಿಗೆ ಹೇಗಿರಬೇಕು ಅಂತ ಚೆನ್ನಾಗಿ ಗೊತ್ತು. ಬಿಳಿ ಹಾಳೆ, ಮಿನುಗುವ ಕರ್ಸರ್, ಅಷ್ಟೇ. ಕನ್ನಡವೂ ಅಂದವಾಗಿ ಕಾಣುತ್ತದೆ. ಆದರೆ ಟೇಬಲ್ ಹಾಕಲು ಬರುವುದಿಲ್ಲ. ಟೇಬಲ್ಲಿನ ಚಿತ್ರ ತೆಗೆದು ಹಾಕಬೇಕಂತೆ. ಫೋಟೊ ಕಾಟದಿಂದ ತಪ್ಪಿಸಿಕೊಳ್ಳಲು ಹೊರಟವಳು ನಾನು! ಟೇಬಲ್ ಬೇಡದ, ಅನುಭವದ ಬರಹಗಳಿಗೆ ಇದು ಒಳ್ಳೆಯದು. ಲೇಖನವನ್ನು ಸದಸ್ಯರಿಗೆ ಮಾತ್ರ ಅಂತ ಇಡಬೇಡಿ. ಇಟ್ಟರೆ ಹುಡುಗರು ಮೊದಲ ನಾಲ್ಕು ಸಾಲು ಓದಿ ವಾಪಸ್ ಹೋಗುತ್ತಾರೆ.

ಡೆವ್ ಡಾಟ್ ಟು ಅನ್ನುವುದನ್ನೂ ನೋಡಿದೆ. ಪ್ರೋಗ್ರಾಮ್ ಬರೆಯುವವರಿಗೆಂದೇ ಇರುವ ಜಾಗ. ಕೋಡ್ ಬಲು ಚೆನ್ನಾಗಿ ಕಾಣುತ್ತದೆ, ಬಣ್ಣ ಸಮೇತ. ಒಂದು ಬರಹಕ್ಕೆ ನಾಲ್ಕು ಟ್ಯಾಗ್ ಕೊಡಬಹುದು. ಇಂಗ್ಲಿಷಿನಲ್ಲಿ ಬರೆದು, ಬೇರೆ ಊರಿನವರೂ ಓದಲಿ, ನಾಳೆ ಕೆಲಸದ ಸಂದರ್ಶನದಲ್ಲಿ ತೋರಿಸೋಣ ಅನ್ನುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ. ನನ್ನ ಕನ್ನಡ ಟಿಪ್ಪಣಿ ಅಲ್ಲಿ ನೆಂಟರ ಮನೆಯ ಮದುವೆಯಲ್ಲಿ ಗುರುತಿನವರು ಯಾರೂ ಸಿಗದ ಹಾಗೆ ನಿಂತಿತ್ತು.

ಈಗ ಸೋದರಳಿಯನ ವಿಷಯ. ನಮ್ಮಣ್ಣನ ಮಗ, ಬೆಂಗಳೂರಿನಲ್ಲಿ ಕೆಲಸ. ದಸರಾ ರಜೆಗೆ ಬಂದಿದ್ದ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಪರೀಕ್ಷೆಯ ಕಥೆಯನ್ನೆಲ್ಲ ಹೇಳಿದೆ. ಅವನು ನಕ್ಕ. "ಅತ್ತೇ, ಇದೆಲ್ಲ ಬಿಡಿ. ಹ್ಯೂಗೊ ಹಾಕ್ಕೊಡ್ತೀನಿ. ಒಂದ್ಸಲ ಸೆಟ್ ಆದ್ರೆ ಆಮೇಲೆ ತಲೆಬಿಸಿ ಇಲ್ಲ. ಸಾವಿರಾರು ಪೇಜಿನ ಸೈಟೂ ಕೆಲವೇ ಸೆಕೆಂಡಲ್ಲಿ ರೆಡಿ."

ಹ್ಯೂಗೊ ಅಂದರೆ ನಮ್ಮ ಮಷೀನಿನಲ್ಲೇ ಸಾದಾ ಫೈಲುಗಳಿಂದ ಸೈಟ್ ಕಟ್ಟಿಕೊಡುವ ಸಾಧನ. "ನನ್ನ ಹತ್ರ ಇರೋದೇ ಇಪ್ಪತ್ತು ಪೇಜು ಕಣೋ" ಅಂದೆ.

ಗೋಡೆಯ ಮೇಲೆ ಹೋಟೆಲಿನವರ ಬೋರ್ಡ್ ಇತ್ತು. ಬೆಣ್ಣೆ, ಖಾಲಿ, ಓಪನ್. ಮೂರೇ. ನನಗೆ ಹಾಗಿರುವ ಬ್ಲಾಗ್ ಬೇಕು ಅಂತ ಬೋರ್ಡ್ ತೋರಿಸಿದೆ. ಅವನು ಕೇಳಲಿಲ್ಲ. ಮನೆಗೆ ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಗಿಟ್ (ಫೈಲಿನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಸಾಧನ) ಹಾಕಿದ, ಹ್ಯೂಗೊ ಹಾಕಿದ, ಥೀಮ್ ಇಳಿಸಿದ, ಆ ಫೈಲುಗಳನ್ನು ಇಡುವ ಗಿಟ್‌ಹಬ್ ಅನ್ನುವ ಸೈಟಿಗೆ ಜೋಡಿಸಿದ. ಮೂರು ಗಂಟೆ ಹಿಡಿಯಿತು. ಆಗುವಾಗ ನೋಡಲು ಮಜವಾಗಿತ್ತು, ಸುಳ್ಳು ಹೇಳಬಾರದು. ಸಂಜೆ ಬಸ್ ಹತ್ತಿದ.

ಹ್ಯೂಗೊದಲ್ಲಿ ಹೊಸ ಟಿಪ್ಪಣಿ ತೆರೆಯುವ ಕಮಾಂಡ್ ಕೊಟ್ಟರೆ ಫೈಲಿನ ತಲೆಯಲ್ಲಿ 'ಡ್ರಾಫ್ಟ್: ಟ್ರೂ' ಅಂತ ತಾನೇ ಬರೆದಿರುತ್ತದೆ. ಅದನ್ನು ಫಾಲ್ಸ್ ಮಾಡದೆ ಕಳಿಸಿದರೆ ಸೈಟಿನಲ್ಲಿ ಕಾಣುವುದಿಲ್ಲ. ಮೊದಲ ಟಿಪ್ಪಣಿ ಹಾಗೆ ಹೋಯಿತು. ಫೋನ್ ಮಾಡಿ ಕೇಳಿಕೊಂಡೆ. ಎರಡನೆಯದಕ್ಕೆ ಕಮಾಂಡ್ ಬೇಡ ಅಂತ ಹಳೇ ಫೈಲನ್ನೇ ಕಾಪಿ ಮಾಡಿ, ತಾರೀಖು ಕೈಯಾರೆ ತಿದ್ದಿದೆ. ಡ್ರಾಫ್ಟ್ ಫಾಲ್ಸ್ ಇದೆ ಅಂತ ಎರಡು ಸಲ ನೋಡಿದೆ. ಮಗಳನ್ನು ಮಲಗಿಸಿ ಬರೆದು ಮುಗಿಸಿ ಪುಷ್ ಮಾಡುವಾಗ (ಗಿಟ್‌ಹಬ್‌ಗೆ ಕಳಿಸುವಾಗ) ರಾತ್ರಿ 12:40. ಎಲ್ಲ ಹಸಿರು ಟಿಕ್ ಬಂತು. ಸೈಟಿನಲ್ಲಿ ಟಿಪ್ಪಣಿ ಇಲ್ಲ! ಎರರ್ ಆದರೂ ಬಂದರೆ ಓದಬಹುದು. ಎರರೂ ಇಲ್ಲ. ಬೆಳಿಗ್ಗೆ ಎದ್ದು ನೋಡಿದೆ, ಆಗಲೂ ಇಲ್ಲ. ಲ್ಯಾಬಿಗೆ ಹೋಗಿ ಒಂದು ಅಕ್ಷರ ತಿದ್ದಿ ಮತ್ತೆ ಪುಷ್ ಮಾಡಿದೆ. ಬಂತು! ಮೂರನೆಯದೂ ಹಾಗೇ, ರಾತ್ರಿ ಕಳಿಸಿದ್ದು ಬರಲಿಲ್ಲ, ಬೆಳಿಗ್ಗೆ ಬಂತು. ದೆವ್ವ ಗಿವ್ವ ಇರಬೇಕು ಅಂದುಕೊಂಡೆ.

ಸೋದರಳಿಯನಿಗೂ ತಕ್ಷಣ ಹೊಳೆಯಲಿಲ್ಲ. ಹೊಳೆದದ್ದು ನನಗೇ, ಅದೂ ಆ ಎಣ್ಣೆ ಕಲೆಯ ಪುಟವನ್ನು ಟೈಪ್ ಮಾಡುವಾಗ. ಫೈಲಿನಲ್ಲಿ ತಾರೀಖು ಮಾತ್ರ ಬರೆದರೆ ಹ್ಯೂಗೊ ಅದನ್ನು ಯುಟಿಸಿಯ ಮಧ್ಯರಾತ್ರಿ ಅಂತ ತಿಳಿಯುತ್ತದೆ. ನಮ್ಮಲ್ಲಿ 15ನೇ ತಾರೀಖು ರಾತ್ರಿ 12:40 ಆದಾಗ ಯುಟಿಸಿಯಲ್ಲಿ ಇನ್ನೂ 14ನೇ ತಾರೀಖು ಸಂಜೆ 7:10. ಅಂದರೆ ನನ್ನ ಟಿಪ್ಪಣಿ ನಾಳೆಯದು. ನಾಳೆಯ ಬರಹವನ್ನು ಹ್ಯೂಗೊ ತಾನಾಗಿ ಸೇರಿಸುವುದಿಲ್ಲ. ಸೈಟ್ ಕಟ್ಟುವುದು ಪುಷ್ ಮಾಡಿದಾಗ ಮಾತ್ರ. ಬೆಳಿಗ್ಗೆ ಐದೂವರೆ ದಾಟಿ ಮತ್ತೊಮ್ಮೆ ಪುಷ್ ಮಾಡುವ ತನಕ ಅದು ಹೊರಗೇ ನಿಂತಿರುತ್ತದೆ. ಹುಡುಗರಿಗೆ ಐದೂವರೆ ಗಂಟೆಯ ಪಾಠ ಹೇಳಲು ಹೊರಟ ಮೇಡಂಗೆ ಅದೇ ಐದೂವರೆ ಗಂಟೆ ಮೂರು ದಿನ ಆಟ ಆಡಿಸಿತು. ಕಾನ್ಫಿಗ್ ಫೈಲಿನಲ್ಲಿ ಟೈಮ್‌ಝೋನ್ ಬರೆದರೆ ಸರಿಹೋಗುತ್ತದೆ. ಬರೆದೆ, ಸರಿಹೋಯಿತು.

ಹ್ಯೂಗೊ ಕೆಟ್ಟದ್ದಲ್ಲ. ಆದರೆ ಅದು ನನ್ನ ಒಂದು ಲ್ಯಾಪ್‌ಟಾಪಿಗೆ ಕಟ್ಟಿಹಾಕಿದ ಎಮ್ಮೆ ಥರ ಆಯಿತು. ಲ್ಯಾಬಿನಲ್ಲಿ ಮಧ್ಯಾಹ್ನ ಹತ್ತು ನಿಮಿಷ ಬಿಡುವು ಸಿಕ್ಕರೆ ಬರೆಯಲು ಆಗುವುದಿಲ್ಲ, ಆ ಮಷೀನಿನಲ್ಲಿ ಹ್ಯೂಗೊ ಇಲ್ಲ. ಬ್ರೌಸರಿನಲ್ಲೇ ಬರೆದು ಕಳಿಸಬಹುದು ನಿಜ, ಆದರೆ ಥೀಮಿನಲ್ಲಿ ಹೇಗೆ ಕಾಣುತ್ತದೆ ಅಂತ ಮೊದಲೇ ನೋಡಲು ಬರುವುದಿಲ್ಲ. ಥೀಮ್ ಹೊಸದಾದರೆ ಏನೋ ಒಂದು ಮುರಿಯುತ್ತದೆ, ಆಗ ಬೆಂಗಳೂರಿಗೆ ಫೋನ್. ಅವನೂ ಎಷ್ಟು ಅಂತ ಎತ್ತುತ್ತಾನೆ, ಪಾಪ.

ಕೊನೆಗೆ ನಾನು ನಿಂತದ್ದು ಅದೇ ಗಿಟ್‌ಹಬ್ಬಿನ ಪೇಜಸ್ ಅನ್ನುವ ಸೇವೆಯಲ್ಲಿ (ಅಲ್ಲಿಟ್ಟ ಫೈಲುಗಳನ್ನು ಸೈಟಾಗಿ ತೋರಿಸುವುದು), ಆದರೆ ಹ್ಯೂಗೊ ಇಲ್ಲದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ ಅನ್ನಿಸುತ್ತದೆ. ಗಿಟ್‌ಹಬ್ಬಿನೊಳಗೆ ಹ್ಯೂಗೊ ಥರದ್ದೇ ಜೆಕಿಲ್ ಅನ್ನುವ ಸಾಧನ ಮೊದಲೇ ಇದೆ. ನೀವು ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ರೆಪೊ (ಗಿಟ್‌ಹಬ್ಬಿನಲ್ಲಿ ಫೈಲುಗಳನ್ನು ಇಡುವ ಫೋಲ್ಡರ್) ಮಾಡಿ, ಪಬ್ಲಿಕ್ ಇಡಿ. ಸೆಟ್ಟಿಂಗ್ಸ್‌ನಲ್ಲಿ ಪೇಜಸ್ ಅನ್ನುವುದಕ್ಕೆ ಹೋಗಿ ಮೇನ್ ಬ್ರಾಂಚ್ ಆರಿಸಿ ಸೇವ್ ಒತ್ತಿ. ರೀಡ್‌ಮೀ ಫೈಲೇ ಮುಖಪುಟ ಆಗುತ್ತದೆ. ಅದರ ಪಕ್ಕದಲ್ಲಿ ಇಡುವ ಪ್ರತಿ ಮಾರ್ಕ್‌ಡೌನ್ (ಸಾದಾ ಅಕ್ಷರದ ನಡುವೆ ಸಣ್ಣ ಚಿಹ್ನೆ ಹಾಕಿ ಬರೆಯುವ ರೀತಿ) ಫೈಲೂ ಒಂದೊಂದು ಪುಟ ಆಗುತ್ತದೆ. ಫೈಲಿನ ತಲೆಯಲ್ಲಿ ಡ್ರಾಫ್ಟು, ತಾರೀಖು ಯಾವುದೂ ಬೇಡ. ಬ್ರೌಸರಿನಲ್ಲೇ ಪೆನ್ಸಿಲ್ ಚಿತ್ರ ಒತ್ತಿ ಬರೆಯುವುದು, ಪಕ್ಕದ ಪ್ರಿವ್ಯೂನಲ್ಲಿ ನೋಡುವುದು, ಹಸಿರು ಬಟನ್ ಒತ್ತುವುದು. ಬೆಣ್ಣೆ, ಖಾಲಿ, ಓಪನ್. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸೈಟಿಗೆ ಬರುತ್ತದೆ. ಹತ್ತು ನಿಮಿಷದವರೆಗೂ ಆಗಬಹುದು, ಗಾಬರಿಯಾಗಿ ಮತ್ತೆ ಮತ್ತೆ ಒತ್ತಬೇಡಿ. ಸೈಟಿಗೆ 1 ಜಿಬಿ ಮಿತಿ ಇದೆ. ನನ್ನ ಮೂರು ಲಾಂಗ್ ಬುಕ್ ಪೂರ್ತಿ ಟೈಪ್ ಮಾಡಿದರೂ ಅದರ ಒಂದು ಮೂಲೆ ತುಂಬುವುದಿಲ್ಲ.

ಪಟ್ಟಿ ತಾನಾಗಿ ಬರುವುದಿಲ್ಲ. ಹೊಸ ಟಿಪ್ಪಣಿ ಬರೆದಾಗ ಮುಖಪುಟದಲ್ಲಿ ಅದರ ಲಿಂಕ್ ನಾನೇ ಸೇರಿಸಬೇಕು. ಸೋದರಳಿಯನಿಗೆ ಇದು ಹಳೇ ಕಾಲದ ಕೆಲಸ ಅನ್ನಿಸಿತು. ನನಗೆ ಇಷ್ಟ. ಲಾಂಗ್ ಬುಕ್ಕಿನ ಮೊದಲ ಪುಟದಲ್ಲಿ ಪರಿವಿಡಿ ಬರೆಯುತ್ತೇನಲ್ಲ, ಹಾಗೇ. ಯಾವುದು ಮೇಲಿರಬೇಕು ಅಂತ ನಾನೇ ತೀರ್ಮಾನಿಸುತ್ತೇನೆ. ಪರೀಕ್ಷೆ ಹತ್ತಿರ ಬಂದಾಗ ಪರ್ಮಿಷನ್ ಪುಟವನ್ನು ಮೇಲಕ್ಕೆ ಏರಿಸುತ್ತೇನೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಗಿಡ್ಡದಾಗಿ, ಶೀರ್ಷಿಕೆ ಕನ್ನಡದಲ್ಲಿ. ಶೇಕಡಾ ಮೆರವಣಿಗೆ ಇಲ್ಲ. ಎಲ್ಲವೂ ಸಾದಾ ಅಕ್ಷರದ ಫೈಲುಗಳಾದ್ದರಿಂದ ಇಡೀ ಫೋಲ್ಡರನ್ನು ಒಂದೇ ಸಲ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಹಾಕಿಕೊಳ್ಳಬಹುದು. ಚಿತ್ರಗಳೂ ಜೊತೆಗೇ ಬರುತ್ತವೆ. ಬ್ಲಾಗರಿನಲ್ಲಿ ಬ್ಯಾಕಪ್ ಇಳಿಸಿದರೆ ಬರಹ ಬರುತ್ತದೆ, ಚಿತ್ರಗಳ ಬದಲು ಅವುಗಳ ಲಿಂಕ್ ಮಾತ್ರ ಬರುತ್ತದೆ. ಹದಿನಾಲ್ಕು ಟಿಪ್ಪಣಿಯನ್ನು ಕೈಯಾರೆ ಹೊತ್ತವಳಿಗೆ ಇದು ಸಣ್ಣ ವಿಷಯ ಅಲ್ಲ.

ಇಲ್ಲಿ ಐದು ಸ್ಟಾರ್ ಮಾಯವಾದ ಕಥೆ ಹೇಳಲೇಬೇಕು. ಕ್ರಾನ್‌ನಲ್ಲಿ ಪ್ರತಿ ನಿಮಿಷವೂ ಓಡು ಅನ್ನಲು ಐದು ಸ್ಟಾರ್ (*) ಬರೆಯುತ್ತೇವೆ, ನಡುವೆ ಒಂದೊಂದು ಜಾಗ ಬಿಟ್ಟು. ಟಿಪ್ಪಣಿಯಲ್ಲಿ ಒಂದು ಸಾಲಿಗೆ ಅಷ್ಟನ್ನೇ ಬರೆದೆ. ಸೈಟಿನಲ್ಲಿ ನೋಡಿದರೆ ಸ್ಟಾರ್ ಇಲ್ಲ, ಪುಟದ ಈ ಅಂಚಿನಿಂದ ಆ ಅಂಚಿಗೆ ಒಂದು ತೆಳು ಗೆರೆ. ಮಾರ್ಕ್‌ಡೌನ್‌ನಲ್ಲಿ ಮೂರು ಅಥವಾ ಜಾಸ್ತಿ ಸ್ಟಾರ್ ಮಾತ್ರ ಇರುವ ಸಾಲು ಅಂದರೆ ಅಡ್ಡಗೆರೆ ಎಳೆ ಅಂತ ಅರ್ಥ. ಸರಿ, ಮುಂದೆ ಕಮಾಂಡ್ ಸೇರಿಸಿ ಬರೆದೆ. ಈ ಸಲ ಸ್ಟಾರ್‌ಗಳೆಲ್ಲ ಬುಲೆಟ್ ಆಗಿ, ಒಂದರೊಳಗೆ ಒಂದು ಸೇರಿಕೊಂಡು, ಕಮಾಂಡ್ ಪುಟದ ನಡುವೆ ಹೋಗಿ ಕೂತಿತು. ಮಾರ್ಕ್‌ಡೌನ್ 2004ರದ್ದು, ಕ್ರಾನ್ ಅದಕ್ಕಿಂತ ಎಷ್ಟೋ ಹಳೆಯದು. ಮಾಡುವಾಗ ಕ್ರಾನ್ ಬರೆಯುವವರನ್ನು ಒಂದು ಮಾತು ಕೇಳಬಹುದಿತ್ತು. ಮದ್ದು ಸುಲಭ: ಮೇಲೆ ಕೆಳಗೆ ಮೂರು ಮೂರು ಬ್ಯಾಕ್‌ಟಿಕ್ (`) ಹಾಕಿ ನಡುವೆ ಕಮಾಂಡ್ ಬರೆಯುವುದು. ಕೀಬೋರ್ಡಿನಲ್ಲಿ ಅದು ಒಂದರ ಎಡಕ್ಕೆ, ಟ್ಯಾಬಿನ ಮೇಲೆ ಇದೆ. ಫೋನಿನ ಜಿಬೋರ್ಡಿನಲ್ಲಿ ಚಿಹ್ನೆಗಳ ಎರಡನೇ ಪುಟಕ್ಕೆ ಹೋಗಬೇಕು. ಫೋನಿನಲ್ಲಿ ಟಿಪ್ಪಣಿ ಬರೆಯುವ ಆಸೆ ನಾನು ಬಿಟ್ಟದ್ದು ಈ ಬ್ಯಾಕ್‌ಟಿಕ್ ಹುಡುಕಿ ಹುಡುಕಿ ಸಾಕಾಗಿ.

ಇನ್ನೊಂದು ಎಚ್ಚರಿಕೆ, ಇದು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಬ್ಯಾಕಪ್ ಸ್ಕ್ರಿಪ್ಟನ್ನು ಟಿಪ್ಪಣಿಯಲ್ಲಿ ಹಾಕುವಾಗ ಡೇಟಾಬೇಸ್ ಪಾಸ್‌ವರ್ಡ್ ಸಮೇತ ಹಾಕಿಬಿಟ್ಟೆ. ಬೆಳಿಗ್ಗೆ ನೆನಪಾಗಿ ಅಳಿಸಿದೆ. ಅಳಿಸಿದೆನಲ್ಲ ಅಂತ ಸಮಾಧಾನ. ಸೋದರಳಿಯ ಫೋನಿನಲ್ಲೇ ನನಗೆ ಹಿಸ್ಟರಿ ಅನ್ನುವ ಬಟನ್ ಒತ್ತಿಸಿದ. ನಿನ್ನೆಯ ಪಾಸ್‌ವರ್ಡ್ ಅಲ್ಲೇ ನಗುತ್ತಾ ಕೂತಿತ್ತು. ಗಿಟ್ ಯಾವುದನ್ನೂ ಮರೆಯುವುದಿಲ್ಲ. ಪಬ್ಲಿಕ್ ರೆಪೊದಲ್ಲಿ ಪಾಸ್‌ವರ್ಡ್ ಒಮ್ಮೆ ಹೋಯಿತು ಅಂದರೆ ಅಳಿಸುವ ಗೋಜಿಗೆ ಮೊದಲು ಆ ಪಾಸ್‌ವರ್ಡನ್ನೇ ಬದಲಿಸಿ. ಅವತ್ತು ನಾನು ಎದ್ದ ಹಾಗೇ ಗಾಡಿ ಹತ್ತಿ ಲ್ಯಾಬಿಗೆ ಓಡಿದೆ, ತಿಂಡಿಯೂ ತಿನ್ನಲಿಲ್ಲ.

ಜಗಳೂರು ಹುಡುಗ ಪಾಸ್ ಮಾಡಿದ. ಥೀಮೇ ಇಲ್ಲದಷ್ಟು ಸಾದಾ ಪುಟ, ನೆಟ್‌ವರ್ಕ್ ಕುಂಟುತ್ತಿದ್ದರೂ ತೆರೆಯಿತಂತೆ.

ಹಾಗಾದರೆ ಎಲ್ಲರೂ ಗಿಟ್‌ಹಬ್ಬಿಗೆ ಹೋಗಿ ಅನ್ನುತ್ತೀನಾ? ಇಲ್ಲ. ನಮ್ಮಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಒಬ್ಬರು ಹಿರಿಯರಿದ್ದಾರೆ. ಇನ್ನೆರಡು ವರ್ಷಕ್ಕೆ ರಿಟೈರ್ಡ್. ಮೋಟರ್ ವೈಂಡಿಂಗ್‌ನಲ್ಲಿ ಎತ್ತಿದ ಕೈ. ಸುಟ್ಟ ಕಾಯಿಲ್ ನೋಡಿಯೇ ಫೇಸ್ ಹೋಗಿತ್ತೋ ಓವರ್‌ಲೋಡ್ ಆಗಿತ್ತೋ ಹೇಳುತ್ತಾರೆ. ಅವರೂ ಬರೆದಿಡಬೇಕು ಅಂದರು. ನಾನು ಹುಮ್ಮಸ್ಸಿನಿಂದ ಮಾರ್ಕ್‌ಡೌನ್ ಹೇಳಿಕೊಡಲು ಕೂತೆ. ಐದು ನಿಮಿಷ ಕೇಳಿ, "ನೋಡಮ್ಮ, ನನಗೆ ಈ ಬ್ಯಾಕ್‌ಟಿಕ್ ಗೀಕ್‌ಟಿಕ್ ಎಲ್ಲ ಬ್ಯಾಡ. ಫೋಟೊ ಹಾಕ್ಬೇಕು, ಕೆಳಗೆ ನಾಲ್ಕು ಸಾಲು ಬರೀಬೇಕು. ಅಷ್ಟಕ್ಕೆ ಏನೈತೆ ಹೇಳು" ಅಂದರು. ಅವರದು ಕಮಾಂಡ್ ಇಲ್ಲದ, ಬರೀ ಚಿತ್ರದ ಟಿಪ್ಪಣಿ. ಬ್ಲಾಗರ್ ಮಾಡಿಕೊಟ್ಟೆ. ಪರ್ಮಾಲಿಂಕ್ ಜಾಗ ತೋರಿಸಿದೆ, ಅದನ್ನು ಅವರು ಇವತ್ತಿಗೂ ಮುಟ್ಟಿಲ್ಲ, ಎಲ್ಲವೂ ಬ್ಲಾಗ್-ಪೋಸ್ಟ್.

ಅವರ ಹಳೆಯ ನೋಟ್ಸ್ ಒಂದು ಸಿಡಿಯಲ್ಲಿತ್ತು, ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದನ್ನು ಹಾಗೇ ಅಂಟಿಸಿದರೆ ಬ್ಲಾಗಿನಲ್ಲಿ ಕನ್ನಡದ ಬದಲು ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಆ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಹಾಕಿ ತೆಗೆದರೆ ಸರಿ. ಅರ್ಕಾವತ್ತು ಮತ್ತು ಅಂಕಿಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ. ಅವರ ಒಂದು ಟಿಪ್ಪಣಿಯಲ್ಲಿ ಸುತ್ತುಗಳ ಲೆಕ್ಕ ತಪ್ಪಾಗಿ ಬಂದಿತ್ತು, ಅವರೇ ಹಿಡಿದರು.

ಈಗ ಅವರು ಊಟದ ಹೊತ್ತಿನಲ್ಲಿ ವರ್ಕ್‌ಶಾಪಿನಲ್ಲಿ ನಿಂತು ಫೋಟೊ ತೆಗೆದು, ಅಲ್ಲೇ ಫೋನಿನಲ್ಲೇ ಬರೆದು ಹಾಕುತ್ತಾರೆ. ಅವರದು 31 ಟಿಪ್ಪಣಿ ಆಗಿದೆ. ನನ್ನದು 27.